ಪ್ಲೈವುಡ್ಡಿನಾಚೆ ಮಿಷನ್ ನಿಂತಾಗ

"ಯಾರು ನಂಬಿದ್ದಮ್ಮಾ? ಏನನ್ನ ನಂಬಿದ್ದು?"

ಮೇಷ್ಟ್ರು ಹೀಗೆ ಕೇಳಿದಾಗ ಸೂಜಿ ಬೆಪ್ಪಾಗಿ ನಿಂತಳು. ಸಿನಿಮಾ ಅವಳದೇ. ಪರದೆಯ ಮೇಲೆ ಮಾತಿನ ನಡುವೆ ತಡೆದು ನಿಂತಿದ್ದ ಮುಖ ಅವಳ ಸ್ವಂತ ದೊಡ್ಡಮ್ಮನದು. ಅದಕ್ಕೆ ಮುಂಚೆ ಬಂದುಹೋದ ಮುಖ ಹೆತ್ತ ತಾಯಿಯದು. ಆದರೂ ಆ ಇಬ್ಬರು ಏನು ಮಾತಾಡಿಕೊಳ್ಳುತ್ತಿದ್ದಾರೆ ಎಂಬುದರ ತಲೆಬುಡ ಅವಳಿಗೂ ತಿಳಿದಿರಲಿಲ್ಲ.

ನೋಡುವುದಕ್ಕೇನೋ ಚೆನ್ನಾಗಿಯೇ ಇತ್ತು. ಒಂದು ಮೇಜು, ಆಚೆ ಈಚೆ ಇಬ್ಬರು ಹೆಂಗಸರು. ಕಿರಿಯವಳು ಬಲಕ್ಕೆ ನೋಡುತ್ತ, "ಅಕ್ಕಾ, ತಪ್ಪಾಯ್ತು. ಅವತ್ತು ನಿನಗೆ ಫೋನ್ ಮಾಡಬೇಕಿತ್ತು, ಮಾಡಲಿಲ್ಲ. ಹೊಟ್ಟೆಗೆ ಹಾಕ್ಕೋ" ಎನ್ನುತ್ತಾಳೆ. ಹಿರಿಯವಳು ಎಡಕ್ಕೆ ನೋಡುತ್ತ ಬಹಳ ಹೊತ್ತು ಸುಮ್ಮನಿದ್ದು, "ನಂಬಿದ್ಲಾ? ಅಷ್ಟು ಹೇಳು ಸಾಕು" ಎನ್ನುತ್ತಾಳೆ. ಕಿರಿಯವಳು, "ನಿನ್ನ ಮುಖ ನೋಡೋ ಧೈರ್ಯ ಆಗಲಿಲ್ಲ ನನಗೆ" ಎಂದು ಕಣ್ಣೊರೆಸಿಕೊಂಡರೆ, ಹಿರಿಯವಳು, "ಕೈ ಕೊಟ್ಯಾ? ಕೈ ಹಿಡ್ಕೊಂಡ್ಲಾ?" ಎಂದು ಮುಂದಕ್ಕೆ ಬಾಗುತ್ತಾಳೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಹಾಗಿತ್ತು. ತರಗತಿಯಲ್ಲಿ ಯಾರೋ ಕಿಸಕ್ಕೆಂದರು, ಉಳಿದವರೂ ನಕ್ಕರು.

"ನೋಟ ಕೂಡಿದೆ. ಮಾತು ಕೂಡಿಲ್ಲ," ಎಂದರು ಮೇಷ್ಟ್ರು. "ಇಬ್ಬರೂ ಒಬ್ಬರನ್ನೊಬ್ಬರು ನೋಡ್ತಿದ್ದಾರೆ, ಅದರಲ್ಲಿ ಸಂಶಯ ಇಲ್ಲ. ಆದರೆ ನಿಮ್ಮಮ್ಮ ಒಂದು ಜಗಳ ಆಡ್ತಿದ್ದಾರೆ, ನಿಮ್ಮ ದೊಡ್ಡಮ್ಮ ಇನ್ಯಾವುದೋ ಜಗಳದಲ್ಲಿದ್ದಾರೆ. ವಾರದ ಕೊನೆಗೆ ಪ್ರದರ್ಶನ. ಅಷ್ಟರಲ್ಲಿ ಸರಿಮಾಡು."

ಸರಿಮಾಡು ಎನ್ನುವುದಕ್ಕೇನು, ನಾಲಿಗೆಗೆ ಎಲುಬಿಲ್ಲ.

ಆ ಸಿನಿಮಾ ಶಾಲೆ ಯಾವ ದೊಡ್ಡ ಸಂಸ್ಥೆಗೂ ಸೇರಿದ್ದಲ್ಲ. ಮುಚ್ಚಿಹೋದ ಐಸ್ ಕಾರ್ಖಾನೆಯೊಂದನ್ನು ಬಾಡಿಗೆಗೆ ಹಿಡಿದು ಮೇಷ್ಟ್ರು ತಾವೇ ಶುರುಮಾಡಿದ್ದು. ಗೋಡೆ ದಪ್ಪ, ಹೊರಗಿನ ಸದ್ದು ಒಳಗೆ ಬಾರದು, ಸಿನಿಮಾದವರಿಗೆ ಇದಕ್ಕಿಂತ ಏನು ಬೇಕು ಎನ್ನುವುದು ಅವರ ವಾದ. ಚಳಿಗಾಲದಲ್ಲಿ ಒಳಗೆ ಕೂತವರ ಹಲ್ಲು ಕಟಕಟಿಸುವ ಸದ್ದು ಮಾತ್ರ ರೆಕಾರ್ಡ್ ಆಗುತ್ತಿತ್ತು. ಅಲ್ಲಿ ಸರ್ಟಿಫಿಕೇಟೂ ಇಲ್ಲ, ದಪ್ಪ ಪುಸ್ತಕವೂ ಇಲ್ಲ. ಸೇರಿದ ಮೊದಲ ದಿನವೇ ಕೈಗೆ ಕೇಬಲ್ ಕೊಟ್ಟು ಸುತ್ತಲು ಹೇಳುತ್ತಾರೆ. "ಕೇಬಲ್ ನೆಟ್ಟಗೆ ಸುತ್ತೋಕೆ ಬರದೆ ಕಥೆ ಹೇಳೋಕೆ ಬಂದುಬಿಟ್ಟರು" ಎಂದು ಮೇಷ್ಟ್ರು ಗೊಣಗುವುದು ಅಲ್ಲಿನ ಪ್ರಾರ್ಥನೆ ಇದ್ದ ಹಾಗೆ. ಎಲ್ಲರೂ ಎಲ್ಲ ಕೆಲಸ ಕಲಿಯಬೇಕು, ಒಬ್ಬರ ಸಿನಿಮಾಕ್ಕೆ ಇನ್ನೊಬ್ಬರು ದುಡಿಯಬೇಕು. ಹೊಲಿಗೆ ಅಂಗಡಿಯ ಮನೆಯಿಂದ ಬಂದ ಕಡ್ಡಿಯಂಥ ಹುಡುಗಿಗೆ ಮೊದಲ ವಾರದಲ್ಲೇ 'ಸೂಜಿ' ಎಂಬ ಹೆಸರು ಬಿದ್ದಿತ್ತು. ಅವಳ ಕ್ಯಾಮೆರಾ ಹಿಡಿಯುವವನು ಉದ್ದಣ್ಣ. ಧ್ವನಿ ಹಿಡಿಯುವವನು ಸದ್ದಪ್ಪ. ಅವನು ಉಸಿರಾಡಿದವರನ್ನೂ ಗದರುವ ಜಾತಿ.

ಕೊನೆಯ ಪಾಠದ ಹೆಸರು 'ಎರಡು ಮುಖ'. ನಿಮ್ಮ ಮನೆಯದೇ ಇಬ್ಬರನ್ನು ಆರಿಸಿಕೊಳ್ಳಿ, ಮಾತು ಬರೆದುಕೊಡಬೇಡಿ, ಒಬ್ಬೊಬ್ಬರದನ್ನೇ ಬೇರೆ ಬೇರೆ ತೆಗೆದು ಒಂದು ಮಾತುಕತೆಯಾಗಿ ಹೊಂದಿಸಿ ಎಂದಿದ್ದರು ಮೇಷ್ಟ್ರು. "ಒಂದು ಮುಖ ತೆಗೆಯುವಾಗ ಇನ್ನೊಂದು ಮುಖ ಅಲ್ಲಿ ಇರಲೇಬೇಕು ಅಂತಿಲ್ಲ. ಎದುರಿನ ಕುರ್ಚಿಯಲ್ಲಿ ನೀವೇ ಕೂತ್ಕೊಳ್ಳಿ, ಅವರು ನಿಮ್ಮನ್ನ ನೋಡಿ ಮಾತಾಡಲಿ. ಇಬ್ಬರೂ ಎದುರುಬದುರು ಕೂತಿದ್ದರು ಅಂತ ನೋಡೋನು ಆಣೆ ಮಾಡಿ ಹೇಳ್ತಾನೆ."

ಇಬ್ಬರೂ ಇರಬೇಕಾಗಿಲ್ಲ ಎಂಬ ಮಾತು ಕಿವಿಗೆ ಬಿದ್ದದ್ದೇ ಸೂಜಿ ತನ್ನ ಇಬ್ಬರನ್ನು ಆರಿಸಿಬಿಟ್ಟಳು. ಅವಳಿಗೆ ಈ ಪ್ರಪಂಚದಲ್ಲಿ ಬೇಕಾಗಿದ್ದದ್ದು ಒಂದೇ, ಅಮ್ಮ ಮತ್ತು ದೊಡ್ಡಮ್ಮ ಒಂದು ಮೇಜಿಗೆ ಕೂರಬೇಕು. ನಿಜವಾಗಿ ಕೂರದಿದ್ದರೆ ಬೇಡ, ಸಿನಿಮಾದಲ್ಲಾದರೂ ಕೂರಲಿ. ಅದನ್ನು ನೋಡಿದ ಮೇಲೆ ಇಬ್ಬರಿಗೂ ನಾಚಿಕೆಯಾಗಿ ನಿಜವಾಗಿಯೂ ಕೂರಬಹುದಲ್ಲ ಎಂದು ಅವಳ ಲೆಕ್ಕಾಚಾರ.

ಮೊದಲು ಅಂಗಡಿ ಒಂದೇ ಇತ್ತು. ಪರದೆ, ದಿಂಬಿನ ಚೀಲ, ಸೋಫಾ ಹೊದಿಕೆ ಹೊಲಿದುಕೊಡುವ ಅಂಗಡಿ. ಅಕ್ಕತಂಗಿ ಇಬ್ಬರೂ ಸೇರಿ ನಡೆಸುತ್ತಿದ್ದರು. ಸೂಜಿ ಬೆಳೆದದ್ದೇ ಬಟ್ಟೆ ಸುರುಳಿಗಳ ಸಂದಿಯಲ್ಲಿ. ಒಬ್ಬಳು ಬೈದರೆ ಇನ್ನೊಬ್ಬಳ ಮಡಿಲು, ಇನ್ನೊಬ್ಬಳು ಬೈದರೆ ಈ ಮಡಿಲು. ಕೆಲವು ವರ್ಷಗಳ ಹಿಂದೆ ಅಜ್ಜಿ ಆಸ್ಪತ್ರೆಯಲ್ಲಿ ತೀರಿಕೊಂಡರು. ಆ ಹೊತ್ತಿನಲ್ಲಿ ಪಕ್ಕದಲ್ಲಿ ಇದ್ದವಳು ಅಮ್ಮ. ದೊಡ್ಡಮ್ಮ ಅಂಗಡಿಯಲ್ಲಿ ಯಾವುದೋ ಹೋಟೆಲಿನ ಪರದೆಗಳನ್ನು ಮುಗಿಸುತ್ತಿದ್ದಳು. ಕರೆ ಬರಲಿಲ್ಲ. ಅವಳು ಆಸ್ಪತ್ರೆಗೆ ಬಂದಾಗ ಎಲ್ಲ ಮುಗಿದಿತ್ತು. "ಒಂದು ಫೋನ್ ಮಾಡೋಕೆ ನಿನಗೆ ಕೈಗೆ ಲಕ್ವ ಹೊಡೆದಿತ್ತಾ?" ಎಂದು ದೊಡ್ಡಮ್ಮ ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ಕೇಳಿದ್ದೇ ಕೊನೆ. ಆಮೇಲೆ ಅಕ್ಕತಂಗಿಯರ ನಡುವೆ ಒಂದೇ ಒಂದು ಮಾತು ಹುಟ್ಟಲಿಲ್ಲ.

ಮಾತು ಹುಟ್ಟುವ ಬದಲು ಗೋಡೆ ಹುಟ್ಟಿತು. ಅಂಗಡಿಯ ನಟ್ಟನಡುವೆ ಪ್ಲೈವುಡ್ ಹಲಗೆ ನಿಂತಿತು. ಮೊಳೆ ಯಾರ ಕಡೆಯಿಂದ ಹೊಡೆಯಲಿ ಎಂದು ಕೇಳಿದ ತಪ್ಪಿಗೆ ಬಡಗಿ ಇಬ್ಬರಿಂದಲೂ ಬೈಸಿಕೊಂಡ. ಈ ಕಡೆ ಅಮ್ಮನ ಪರದೆ, ಆ ಕಡೆ ದೊಡ್ಡಮ್ಮನ ದಿಂಬು. ಒಂದೇ ಬಟ್ಟೆಯಲ್ಲಿ ಎರಡೂ ಬೇಕಾದ ಗಿರಾಕಿ ಈ ಬಾಗಿಲಲ್ಲಿ ಅಳತೆ ಕೊಟ್ಟು, ಬೀದಿಗಿಳಿದು, ಮತ್ತೆ ಆ ಬಾಗಿಲು ಹತ್ತಬೇಕು. ಸೂಜಿಯೂ ಹಾಗೆಯೇ ದಿನಾ ಬೀದಿ ಸುತ್ತಿಕೊಂಡು ಎರಡು ಕಡೆಯೂ ಹೋಗಿಬಂದು ಮಾಡುತ್ತಿದ್ದಳು. ಹಲಗೆ ತೆಳು. ಅಮ್ಮನ ಮಿಷನ್ ಓಡಿದರೆ ಆಚೆಗೆ ಕೇಳುತ್ತದೆ, ದೊಡ್ಡಮ್ಮನ ಮಿಷನ್ ಓಡಿದರೆ ಈಚೆಗೆ. ಇಬ್ಬರೂ ದಿನವಿಡೀ ಜಿದ್ದಿಗೆ ಬಿದ್ದವರಂತೆ ತುಳಿಯುತ್ತಿದ್ದರು.

ಸಿನಿಮಾಕ್ಕೆ ಒಪ್ಪಿಸುವುದು ಸೂಜಿ ಅಂದುಕೊಂಡಷ್ಟು ಕಷ್ಟವಾಗಲಿಲ್ಲ. "ಅವಳು ಇರಬಾರದು, ಅಷ್ಟೇ" ಎಂದಳು ಅಮ್ಮ. "ನಾನು ಕುರ್ಚಿ ಜೊತೆ ಮಾತಾಡ್ತೀನಿ, ಅವಳ ಜೊತೆ ಅಲ್ಲ. ನಾಳೆ ದಿನ ನಾನೇ ಮೇಲೆ ಬಿದ್ದು ಮಾತಾಡಿಸಿದೆ ಅಂತ ಆಗಬಾರದು" ಎಂದಳು ದೊಡ್ಡಮ್ಮ. ಎರಡೂ ಷರತ್ತಿಗೆ ಸೂಜಿ ಹೂಂ ಎಂದಳು.

ಮೊದಲ ದಿನ ಅಮ್ಮನದು. ಅಮ್ಮನ ಅರ್ಧದಲ್ಲಿ ಮೇಜು ಹಾಕಿ, ಎದುರಿನ ಕುರ್ಚಿಯಲ್ಲಿ ಸೂಜಿ ದೊಡ್ಡಮ್ಮನ ಬದಲಿಗೆ ಕೂತಳು. ಉದ್ದಣ್ಣ ಬೆಳಕು ಹೊಂದಿಸಿದ. ಸದ್ದಪ್ಪ ಹೆಡ್‌ಫೋನ್ ಹಾಕಿಕೊಂಡವನೇ ಮುಖ ಸಿಂಡರಿಸಿ, "ಪಕ್ಕದ ಮಿಷನ್ ಕೇಳ್ತಿದೆ. ಹೀಗಾದ್ರೆ ಆಗಲ್ಲ" ಎಂದ. ಬೀದಿ ಸುತ್ತಿಕೊಂಡು ಹೋಗಿ ದೊಡ್ಡಮ್ಮನಿಗೆ ಕೈಮುಗಿದು, ಸ್ವಲ್ಪ ಹೊತ್ತು ಮಿಷನ್ ನಿಲ್ಲಿಸಿ, ಕೆಮ್ಮಲೂ ಬೇಡಿ ಎಂದು ಕೇಳಿಕೊಂಡ. "ನಿಮ್ಮ ಸಿನಿಮಾ ಚಟಕ್ಕೆ ನನ್ನ ಹೊಟ್ಟೆ ಮೇಲೆ ಹೊಡೀತೀರಲ್ಲೋ" ಎಂದು ದೊಡ್ಡಮ್ಮ ಗೊಣಗಿದಳಂತೆ. ಆದರೆ ನಿಲ್ಲಿಸಿದಳು. ಆಚೆ ಕಡೆ ಅಂಥ ನಿಶ್ಶಬ್ದ ಬಿತ್ತು ಎಂದರೆ ಸದ್ದಪ್ಪ ಖುಷಿಯಿಂದ ಹೆಬ್ಬೆರಳೆತ್ತಿ ತೋರಿಸಿದ. ಮರುದಿನ ದೊಡ್ಡಮ್ಮನ ಅರ್ಧದಲ್ಲಿ ತೆಗೆಯುವಾಗ ಅಮ್ಮನ ಮಿಷನ್ನೂ ಅದೇ ರೀತಿ ನಿಂತಿತು. ಶೂಟಿಂಗ್ ಎಂದರೆ ಸುತ್ತಮುತ್ತ ಸದ್ದು ನಿಲ್ಲಿಸಬೇಕು. ಅದು ಶಾಲೆಯ ಎರಡನೆಯ ಪಾಠ. ಅದರಾಚೆ ಯೋಚಿಸಲು ಮೂವರಲ್ಲಿ ಯಾರಿಗೂ ಹೊಳೆಯಲಿಲ್ಲ.

ಈಗ ಎಡಿಟಿಂಗ್ ಕೋಣೆಯಲ್ಲಿ ಕೂತು ಸೂಜಿ ತಲೆ ಚಚ್ಚಿಕೊಳ್ಳುತ್ತಿದ್ದಳು. ಅಮ್ಮನ ಮಾತುಗಳೆಲ್ಲ ಕರೆಯದೆ ಹೋದ ತಪ್ಪಿನ ಸುತ್ತಲೇ ಇದ್ದವು. ದೊಡ್ಡಮ್ಮನ ಮಾತುಗಳಲ್ಲಿ ಫೋನಿನ ಹೆಸರೇ ಇಲ್ಲ. ಬರೀ ಪ್ರಶ್ನೆಗಳು. ನಂಬಿದ್ಲಾ, ಕೈ ಹಿಡ್ಕೊಂಡ್ಲಾ, ಆಮೇಲೆ ಏನಂದ್ಲು. ಹಿಂದುಮುಂದು ಮಾಡಿ ನೋಡಿದಳು. ಪ್ರಶ್ನೆ ಮೊದಲು ಇಟ್ಟು ತಪ್ಪೊಪ್ಪಿಗೆ ಆಮೇಲೆ ಇಟ್ಟಳು. ಆಗ ಅಮ್ಮನೇ ಕಿವುಡಿಯಂತೆ ಕಂಡಳು. ಪ್ರಶ್ನೆಗಳನ್ನೆಲ್ಲ ಕತ್ತರಿಸಿ ದೊಡ್ಡಮ್ಮನ ಮೌನವನ್ನಷ್ಟೇ ಉಳಿಸಿದಳು. ಆಗ ಎಲ್ಲ ಸಲೀಸಾಗಿ ಕೂಡಿತು, ತಂಗಿ ಬೇಡಿದಳು, ಅಕ್ಕ ಕರಗಿದಳು. ಸೂಜಿ ಅದನ್ನೇ ಎರಡು ಸಲ ಓಡಿಸಿ ನೋಡಿದಳು. ಎರಡನೆಯ ಸಲ ನೋಡುವಾಗ ದೊಡ್ಡಮ್ಮ ಅಷ್ಟು ಆಸೆಯಿಂದ ಕೇಳಿದ್ದನ್ನೇ ತೆಗೆದು ಬಿಸಾಕಿ ಅವಳ ಬಾಯಿ ಮುಚ್ಚಿಸಿದ ಹಾಗೆ ಅನ್ನಿಸಿತು. ಮತ್ತೆ ಹಳೆಯ ಹಾಗೇ ಜೋಡಿಸಿದಳು.

ಕೇಳಿಯೇ ಬಿಡೋಣ ಎಂದು ದೊಡ್ಡಮ್ಮನ ಬಾಗಿಲು ಹತ್ತಿದಳು.

"ದೊಡ್ಡಮ್ಮಾ, ನಂಬಿದ್ಲಾ ಅಂದ್ಯಲ್ಲ, ಯಾರು?"

ದೊಡ್ಡಮ್ಮ ದಿಂಬಿನ ಚೀಲ ಮಗುಚಿ ಮೂಲೆಗಳನ್ನು ಚುಚ್ಚಿ ಹೊರಗೆ ತೆಗೆಯುತ್ತಿದ್ದಳು. ತಲೆಯೆತ್ತಲಿಲ್ಲ. "ಕೇಳಿದ್ದು ಕೇಳಿಯಾಯ್ತು. ಉತ್ತರ ಬಂತಾ?"

"ಯಾರಿಂದ?"

"ಯಾರಿಂದ ಅಂತೆ! ನಿನ್ನನ್ನಂತೂ ಕೇಳಿಲ್ಲ ನಾನು. ಹೋಗು, ಕೆಲಸ ಇದೆ."

ಬೀದಿ ಸುತ್ತಿಕೊಂಡು ಅಮ್ಮನ ಹತ್ತಿರ ಬಂದಳು. ಅಮ್ಮ ಅದಕ್ಕಿಂತ ಒಂದು ಕೈ ಮೇಲೆ. "ಅವಳು ಏನು ಕೇಳಿದ್ಲೋ ನನಗೇನು ಗೊತ್ತೇ? ನಾನೇನು ಅಲ್ಲಿದ್ನಾ?" ಎಂದು ದಾರ ಹಲ್ಲಿನಲ್ಲಿ ಕಡಿದು, "ಅಲ್ಲಾ, ನಂದು ಇನ್ನೊಂದು ಸಲ ತೆಗೀಬೇಕಾಗುತ್ತಾ?" ಎಂದಳು.

"ಇಲ್ಲಮ್ಮಾ, ಚೆನ್ನಾಗೇ ಬಂದಿದೆ."

"ಚೆನ್ನಾಗಿ ಬಂದಿರೋದು ನಿನಗೆ. ನನಗೆ ಸಮಾಧಾನ ಇಲ್ಲ."

ಈ ಮಾತನ್ನು ಅಮ್ಮ ಶೂಟಿಂಗ್ ಮುಗಿದಾಗಿನಿಂದ ದಿನಾ ಹೇಳುತ್ತಿದ್ದಳು. ತಟ್ಟೆ ಇಡುವಾಗ ಒಂದು ಸಲ, ದೀಪ ಆರಿಸುವಾಗ ಒಂದು ಸಲ. ಸೂಜಿಗೆ ನಗು ಬರುತ್ತಿತ್ತು. ಕ್ಯಾಮೆರಾ ಮುಂದೆ ಕೂತವರಿಗೆಲ್ಲ ಈ ರೋಗ ಹತ್ತುತ್ತದೆ ಎಂದು ಮೇಷ್ಟ್ರು ಹೇಳಿದ್ದರು. ಅಮ್ಮನಿಗೂ ಮುಖದ ಹುಚ್ಚು ಹಿಡಿಯಿತಲ್ಲ ಎಂದು ಉದ್ದಣ್ಣನ ಮುಂದೆ ಹೇಳಿಕೊಂಡು ನಕ್ಕಿದ್ದಳು ಕೂಡ.

ಪ್ರದರ್ಶನಕ್ಕೆ ಇನ್ನೇನು ದಿನ ಉಳಿದಿರಲಿಲ್ಲ. ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಇಬ್ಬರೂ ಮಾತಾಡಿದರೆ ಮಗಳಾದವಳು ಏನು ಮಾಡಬೇಕು? ಮೇಷ್ಟ್ರ ಹತ್ತಿರ ಹೋದರೆ ಅವರೂ ಕೈಚೆಲ್ಲಿದರು. ಹುಚ್ಚರ ಸಂತೆಯಲ್ಲಿ ತಾನೊಬ್ಬಳೇ ತಕ್ಕಡಿ ಹಿಡಿದು ನಿಂತಿದ್ದೇನೆ ಅನ್ನಿಸಿತು ಅವಳಿಗೆ. ಇಷ್ಟಕ್ಕೂ ತಾನು ಮಾಡಹೊರಟದ್ದು ಒಳ್ಳೆಯ ಕೆಲಸವೋ ಕೆಟ್ಟ ಕೆಲಸವೋ ಎಂಬುದೇ ಗೊಂದಲವಾಗತೊಡಗಿತು. ಮಾತಾಡದ ಇಬ್ಬರನ್ನು ಮಾತಾಡಿದಂತೆ ತೋರಿಸುವುದು ಕಲೆ ಎಂದು ಶಾಲೆಯಲ್ಲಿ ಹೇಳಿದ್ದರು. ಮನೆಯಲ್ಲಿ ಅದಕ್ಕೆ ಸುಳ್ಳು ಎನ್ನುತ್ತಾರೆ.

ಕೊನೆಗೆ ಉಳಿದದ್ದು ಸಣ್ಣಪುಟ್ಟ ತೇಪೆ ಕೆಲಸ. ಎರಡು ತುಂಡುಗಳನ್ನು ಕೂಡಿಸಿದಲ್ಲಿ ಸದ್ದು ಕಡಿದ ಹಾಗೆ ಕೇಳುತ್ತಿತ್ತು. ಅಂಥ ಕಡೆ ತುಂಬಲು ಕೋಣೆಯ ಖಾಲಿ ಸದ್ದು ಬೇಕು. ಯಾರೂ ಮಾತಾಡದಿರುವಾಗ ಕೋಣೆಗೇ ಒಂದು ಸದ್ದಿರುತ್ತದೆ, ಅದಕ್ಕೆ ರೂಮ್ ಟೋನ್ ಎನ್ನುತ್ತಾರೆ. ಪ್ರತಿ ಸಲ ಕಟ್ ಅಂದ ಮೇಲೆ ಸದ್ದಪ್ಪ ರೆಕಾರ್ಡರನ್ನು ಓಡಲು ಬಿಟ್ಟು, ಕುರ್ಚಿಯಲ್ಲಿ ಕೂತವರನ್ನು ಸುಮ್ಮನಿರಿ ಎಂದು ಅಲ್ಲೇ ಬಿಟ್ಟು, ಉಳಿದವರನ್ನೆಲ್ಲ ಹೊರಗಟ್ಟಿ, ತಾನೂ ಹೊರಗೆ ಹೋಗಿ ಸ್ವಲ್ಪ ಹೊತ್ತು ಅದನ್ನು ಹಿಡಿಯುತ್ತಿದ್ದ.

"ಅಮ್ಮನ ಕಡೆಯ ರೂಮ್ ಟೋನ್ ಕೊಡು," ಎಂದಳು ಸೂಜಿ.

"ಅದು ಹಾಳಾಗಿದೆ ಮಾರಾಯ್ತಿ," ಎಂದ ಸದ್ದಪ್ಪ. "ನಾವೆಲ್ಲ ಬೀದಿಗೆ ಹೋಗಿ ಉದ್ದಣ್ಣನ ಮಾನಿಟರ್ ನೋಡ್ತಿದ್ವಲ್ಲ, ಆಗ ನಿಮ್ಮಮ್ಮ ಒಬ್ಬರೇ ಒಳಗೆ ಕೂತು ಏನೋ ಮಾತಾಡಿಬಿಟ್ಟಿದ್ದಾರೆ. ಎಷ್ಟು ಹೇಳಿದ್ರೂ ಸುಮ್ಮನಿರಲ್ಲ. ನಾನು ಪೂರ್ತಿ ಕೇಳಲೂ ಇಲ್ಲ, ಪಕ್ಕಕ್ಕೆ ಹಾಕಿದ್ದೀನಿ."

"ನಡುನಡುವೆ ಖಾಲಿ ಸಿಕ್ಕರೂ ಸಾಕು, ಕೊಡು."

ಹೆಡ್‌ಫೋನ್ ಹಾಕಿಕೊಂಡಳು. ಮೊದಲು ಕುರ್ಚಿ ಕಿರುಗುಟ್ಟಿದ್ದು, ದೂರದಲ್ಲಿ ಉದ್ದಣ್ಣ ನಕ್ಕಿದ್ದು. ಆಮೇಲೆ ಅಮ್ಮನ ದನಿ, ಮೈಕಿನ ಕಡೆಗಲ್ಲ, ಪಕ್ಕಕ್ಕೆ ತಿರುಗಿ ಆಡಿದ ದನಿ.

"ಅಕ್ಕಾ, ಮಿಷನ್ ನಿಲ್ಲಿಸಿದ್ದೀಯ, ಕೇಳಿಸ್ತಿರುತ್ತೆ ನಿನಗೆ. ಫೋನಿನ ವಿಷಯ ಅಲ್ಲ ಅದು. ಹುಡುಗರ ಮುಂದೆ ಹೇಳಕ್ಕಾಗಲಿಲ್ಲ. ಅವ್ವ ಕೊನೇ ಹೊತ್ತಲ್ಲಿ ನಿನ್ನನ್ನೇ ಕರೀತಿದ್ಲು. ದೊಡ್ಡೋಳು ಬಂದ್ಲಾ, ದೊಡ್ಡೋಳು ಬಂದ್ಲಾ ಅಂತ ಒಂದೇ ಸಮ. ಅವಳಿಗೆ ಕಣ್ಣು ಕಾಣ್ತಿರಲಿಲ್ಲವಲ್ಲ. ತಡೀಲಾರದೆ ನಾನು, ಬಂದೆ ಅವ್ವಾ, ನಾನೇ ದೊಡ್ಡೋಳು ಅಂದುಬಿಟ್ಟೆ. ನಿನ್ನ ಜಾಗದಲ್ಲಿ ನಾನು ಕೂತುಬಿಟ್ಟೆ ಅಕ್ಕಾ. ಇದನ್ನ ಯಾವ ಬಾಯಲ್ಲಿ ಹೇಳಲಿ ನಿನಗೆ?"

ಬಹಳ ಹೊತ್ತಾದ ಮೇಲೆ ಹಲಗೆಯ ಆಚೆ ಬದಿಯಿಂದ ಏನನ್ನೋ ನೆಲದ ಮೇಲೆ ಎಳೆದ ಸದ್ದು. ಸ್ಟೂಲಿರಬೇಕು. ಸದ್ದು ಹಲಗೆಯ ಹತ್ತಿರಕ್ಕೆ ಬಂದು ನಿಂತಿತು.

ಸೂಜಿ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟಳು. ದೊಡ್ಡಮ್ಮ ಮರುದಿನ ಕ್ಯಾಮೆರಾ ಮುಂದೆ ಕೂತು ಕೇಳಿದ್ದು ಇದನ್ನೇ. ಅವ್ವ ನಂಬಿದ್ಲಾ? ಕೈ ಹಿಡ್ಕೊಂಡ್ಲಾ? ಆಮೇಲೆ ಏನಂದ್ಲು? ಹೀಗೆ ಕೇಳುವಾಗ ಅಮ್ಮನ ಮಿಷನ್ ನಿಂತಿತ್ತು, ಸದ್ದಪ್ಪನೇ ಹೋಗಿ ನಿಲ್ಲಿಸಿ ಬಂದಿದ್ದ. ಅಂದರೆ ಅಮ್ಮನಿಗೆ ಪ್ರಶ್ನೆ ಮುಟ್ಟಿದೆ. ಉತ್ತರ ಹೇಳುವ ಸರದಿ ಅಮ್ಮನದು. ಆದರೆ ಶೂಟಿಂಗ್ ಮುಗಿಯಿತು ಎಂದು ಎಲ್ಲರೂ ಗಂಟುಮೂಟೆ ಕಟ್ಟಿಕೊಂಡು ಎದ್ದು ಬಂದುಬಿಟ್ಟಿದ್ದರು. ನೇರವಾಗಿ ಹೋಗಿ ಮಾತಾಡಲು ಅಕ್ಕತಂಗಿ ಇಬ್ಬರಿಗೂ ಜಂಬ ಬಿಡದು. ಸಿನಿಮಾದ ನೆಪವಿದ್ದರೆ ಮಾತು ಹೊರಡುತ್ತದೆ. ಇನ್ನೊಂದು ಸಲ ತೆಗೀಬೇಕಾ ಎಂದು ಅಮ್ಮ ದಿನಾ ಪೀಡಿಸಿದ್ದು ಮುಖದ ಹುಚ್ಚಿಗಲ್ಲ. ಅದನ್ನು ಹೇಳಿಕೊಂಡು ತಾನು ನಕ್ಕಿದ್ದು ನೆನಪಾಗಿ ಸೂಜಿಗೆ ಕಪಾಳಕ್ಕೆ ಹೊಡೆದುಕೊಳ್ಳುವ ಹಾಗಾಯಿತು.

"ಏನಾಯ್ತೇ?" ಎಂದ ಸದ್ದಪ್ಪ.

"ಕ್ಯಾಮೆರಾ ಎತ್ಕೋ. ಉದ್ದಣ್ಣನ್ನ ಕರಿ. ಅಂಗಡಿಗೆ ಹೋಗ್ಬೇಕು, ಈಗಲೇ."

ದಾರಿಯುದ್ದಕ್ಕೂ ಇಬ್ಬರೂ ಕೇಳಿದರು, ಅವಳು ಹೇಳಲಿಲ್ಲ. ಹೇಳಿದರೆ ಎಲ್ಲಿ ಕೆಡುತ್ತದೋ ಎಂಬ ಭಯ. ತಾನು ಮಾಡುತ್ತಿರುವುದು ಶೂಟಿಂಗೋ, ರಾಜಿ ಪಂಚಾಯಿತಿಯೋ, ಕದ್ದು ಕೇಳುವ ಹಲ್ಕಾ ಕೆಲಸವೋ, ಅವಳಿಗೇ ತಿಳಿಯದು. ಅಮ್ಮ ಬಾಗಿಲಲ್ಲಿ ಅವರನ್ನು ನೋಡಿದವಳೇ ಮೇಜಿನ ಮೇಲಿದ್ದ ಬಟ್ಟೆಯನ್ನೆಲ್ಲ ಬಾಚಿ ಪಕ್ಕಕ್ಕೆ ಹಾಕಿದಳು. ಕುರ್ಚಿ ಎಳೆದು ತಾನೇ ತನ್ನ ಜಾಗದಲ್ಲಿ ಕೂತಳು.

"ಪಕ್ಕದ ಮಿಷನ್ ನಿಲ್ಲಿಸಿ ಬರ್ತೀನಿ," ಎಂದು ಸದ್ದಪ್ಪ ಹೊರಟ.

"ನಿಂತಿದೆ," ಎಂದಳು ಅಮ್ಮ.

ಹೌದು, ನಿಂತಿತ್ತು. ಅವರು ಬೀದಿಯಲ್ಲಿ ಬರುವಾಗ ಓಡುತ್ತಿದ್ದದ್ದು ಈಗ ನಿಂತಿತ್ತು.

ಸೂಜಿ ಎದುರು ಕುರ್ಚಿಯಲ್ಲಿ ಕೂತಳು. ಉದ್ದಣ್ಣ ತಲೆಯಾಡಿಸಿದ, ಸದ್ದಪ್ಪ ತಲೆಯಾಡಿಸಿದ. ಅಮ್ಮ ಸೂಜಿಯನ್ನು ನೋಡದೆ ಹಲಗೆಯ ಕಡೆ ತಿರುಗಿದಳು. ನೋಟ ತಪ್ಪುತ್ತದೆ ಎಂದು ಹೇಳಲು ಬಾಯಿ ತೆರೆದವಳು ಸೂಜಿ ಹಾಗೇ ಮುಚ್ಚಿಕೊಂಡಳು.

"ನಂಬಿದ್ಲು ಅಕ್ಕಾ," ಎಂದಳು ಅಮ್ಮ. "ನನ್ನ ಕೈನ ಎರಡೂ ಕೈಲಿ ಹಿಡ್ಕೊಂಡ್ಲು. ಬಂದ್ಯಾ ದೊಡ್ಡೋಳೇ, ನೀನು ಬರದೆ ಇರ್ತೀಯಾ ಅಂದ್ಲು. ಮುಖದಲ್ಲಿ ನಗು ಬಂತು. ಆಮೇಲೆ ನಿದ್ದೆ ಬಂದ ಹಾಗೆ ಕಣ್ಣು ಮುಚ್ಚಿದ್ಲು. ನಿನ್ನ ಕೈ ಹಿಡ್ಕೊಂಡೇ ಹೋದ್ಲು ಅಂದ್ಕೋ. ಅಷ್ಟೇ ಅಕ್ಕಾ. ನೆಮ್ಮದಿಯಾಗಿ ಹೋದ್ಲು."

ಸೂಜಿಯ ಕಣ್ಣಲ್ಲಿ ನೀರಾಡಿತು. ಕಟ್ ಎನ್ನುವುದೂ ಮರೆತುಹೋಯಿತು. ಉದ್ದಣ್ಣನೇ ಮೆಲ್ಲಗೆ ಕಟ್ ಅಂದ. ಇನ್ನು ಆಚೆ ಕಡೆಯಿಂದ ಮಿಷನ್ ಶುರುವಾಗುತ್ತದೆ, ಅಥವಾ ಅಳು ಕೇಳುತ್ತದೆ ಎಂದು ಎಲ್ಲರೂ ಕಾದರು. ಏನೂ ಕೇಳಲಿಲ್ಲ. ಅಮ್ಮ ಹಲಗೆಯನ್ನೇ ನೋಡುತ್ತ ಕೂತಿದ್ದಳು. ಅವಳೂ ಕಾಯುತ್ತಿದ್ದಳು. ಕಾದು ಕಾದು ಅವಳ ಮುಖ ಬಾಡಿತು.

"ಚೆನ್ನಾಗಿ ಬರಲಿಲ್ಲ," ಎಂದಳು. "ಇನ್ನೊಂದು ಟೇಕ್ ಮಾಡ್ರೋ."

"ಅಮ್ಮಾ, ತುಂಬ ಚೆನ್ನಾಗಿತ್ತು. ಸಾಕು," ಎಂದಳು ಸೂಜಿ.

"ಮಾಡು ಅಂದ್ರೆ ಮಾಡು."

ಉದ್ದಣ್ಣ ಮತ್ತೆ ಓಡಿಸಿದ. ಈ ಸಲ ಅಮ್ಮನ ದನಿ ಸಣ್ಣದಾಗಿತ್ತು.

"ನಂಬಲಿಲ್ಲ ಅಕ್ಕಾ. ಕೈನ ಹಿಡ್ಕೊಂಡು ಹೆಬ್ಬೆರಳು ತಡವಿ ನೋಡಿದ್ಲು. ದೊಡ್ಡೋಳ ಹೆಬ್ಬೆರಳಲ್ಲಿ ಕತ್ತರಿ ಹಿಡಿದು ಹಿಡಿದು ಗಂಟಾಗಿದೆ, ಇದರಲ್ಲಿ ಎಲ್ಲಿದೆ, ಸುಳ್ಳು ಹೇಳ್ತೀಯೇನೇ ಚಿಕ್ಕೋಳೇ ಅಂದ್ಲು. ಅವಳು ಬರ್ತಾಳೆ, ಬರೋವರೆಗೂ ನಾನು ಕಣ್ಣು ಮುಚ್ಚಲ್ಲ ಅಂದ್ಲು. ಆಗ ಫೋನ್ ತಗೊಂಡೆ ನಾನು, ಆಣೆಗೂ ತಗೊಂಡೆ. ಒತ್ತೋ ಅಷ್ಟರಲ್ಲಿ ಆಗಿಹೋಯ್ತು. ಕಣ್ಣು ತೆರೆದೇ ಇತ್ತು ಅಕ್ಕಾ. ಬಾಗಿಲ ಕಡೆಗೇ ಇತ್ತು. ನಾನೇ ಮುಚ್ಚಿದೆ. ಇದನ್ನ ನಿನಗೆ ಹೇಗೆ ಹೇಳಲಿ? ಫೋನ್ ಮಾಡಲಿಲ್ಲ ಅಂತ ನೀನು ಬೈಕೊಂಡಿರು, ಇದು ನಿನಗೆ ಗೊತ್ತಾಗೋದು ಬೇಡ ಅಂದ್ಕೊಂಡೆ."

ಯಾರೂ ಕಟ್ ಅನ್ನಲಿಲ್ಲ. ಸೂಜಿ ಅಮ್ಮನ ಮುಖವನ್ನೇ ನೋಡುತ್ತಿದ್ದಳು, ಮಗಳ ಕಣ್ಣಿಂದ ಒಂದು ಸಲ, ಶಾಲೆಯಲ್ಲಿ ಪಳಗಿದ ಕಣ್ಣಿಂದ ಒಂದು ಸಲ. ಎರಡರಲ್ಲಿ ಯಾವ ಟೇಕ್ ನಿಜ? ಮೊದಲನೆಯದರಲ್ಲೂ ಅಮ್ಮ ಹೀಗೇ ನುಂಗಿಕೊಂಡಿದ್ದಳು, ಹೀಗೇ ಬೆರಳು ಹಿಸುಕಿಕೊಂಡಿದ್ದಳು. ಒಳ್ಳೆಯ ಅಭಿನಯ ಯಾವುದು, ಕೆಟ್ಟದ್ದು ಯಾವುದು ಎಂದು ಹೇಳಬಲ್ಲೆ ಎಂದು ಬೀಗುತ್ತಿದ್ದವಳಿಗೆ ಹೆತ್ತ ತಾಯಿಯ ಮುಖ ಓದಲು ಬರಲಿಲ್ಲ. ಎರಡೂ ನಿಜವಿರಬಹುದು ಎಂದುಕೊಂಡಳು. ಎರಡೂ ಸುಳ್ಳಿರಬಹುದು ಎಂದೂ ಅನ್ನಿಸಿತು. ಅಕ್ಕ ಯಾವುದಕ್ಕೆ ಕರಗುತ್ತಾಳೆ ಎಂದು ಅಮ್ಮ ಹುಡುಕುತ್ತಿದ್ದಾಳೋ, ಅಥವಾ ಇಷ್ಟು ವರ್ಷ ಹೊತ್ತದ್ದನ್ನು ಈಗ ಇಳಿಸಿದಳೋ?

ಆಚೆ ಬದಿಯಲ್ಲಿ ಸ್ಟೂಲು ಸರಿಯಿತು. ಬಾಗಿಲು ತೆರೆದ ಸದ್ದು. ಬೀದಿಯಲ್ಲಿ ನಿಧಾನ ಹೆಜ್ಜೆ. ಸದ್ದಪ್ಪ ಅಭ್ಯಾಸಬಲದಿಂದ ಮೈಕನ್ನು ಬಾಗಿಲ ಕಡೆ ತಿರುಗಿಸಿದ. ಸೂಜಿ ಕಣ್ಣಲ್ಲೇ ಗದರಿದಳು, ಅವನು ಇಳಿಸಿದ.

ದೊಡ್ಡಮ್ಮ ಹೊಸ್ತಿಲ ಮೇಲೆ ಬಂದು ನಿಂತಳು. ಬಟ್ಟೆಯ ತುಂಬ ದಿಂಬಿನ ಹತ್ತಿ. ಗೋಡೆ ಎದ್ದ ಮೇಲೆ ಈ ಹೊಸ್ತಿಲಿಗೆ ಅವಳು ಬಂದದ್ದು ಇದೇ ಮೊದಲು. ತಂಗಿಯನ್ನು ನೋಡಲಿಲ್ಲ. ಕ್ಯಾಮೆರಾವನ್ನು ನೋಡಿದಳು, ಉದ್ದಣ್ಣನನ್ನು ನೋಡಿದಳು, ಕೊನೆಗೆ ಸೂಜಿಯತ್ತ ತಿರುಗಿದಳು. ಅಳುತ್ತಿರಲಿಲ್ಲ. ಅಳು ಆಗಲೇ ಆಚೆ ಬದಿಯಲ್ಲಿ ಮುಗಿದಂತಿತ್ತು.

"ಎರಡು ಸಲ ಹೇಳಿದ್ಲಲ್ಲ ನಿಮ್ಮಮ್ಮ," ಎಂದಳು. "ಮೊದಲನೇದನ್ನ ನಿನ್ನ ಸಿನಿಮಾಕ್ಕೆ ಹಾಕ್ಕೋ. ಜನ ನೋಡಲಿ, ಚೆನ್ನಾಗಿದೆ. ಎರಡನೇದು ನನಗಿರಲಿ. ಅದನ್ನ ಯಾರಿಗೂ ತೋರಿಸಬೇಡ."

"ದೊಡ್ಡಮ್ಮಾ, ಎರಡರಲ್ಲಿ ನಿಜ ಯಾವುದು ಅಂತ..."

"ನಾನು ಕೇಳಿದ್ನಾ? ನಿನಗ್ಯಾಕೆ? ಏಳು ಅಲ್ಲಿಂದ, ಆ ಕುರ್ಚಿ ನಂದು."

ಸೂಜಿ ಎದ್ದಳು. ದೊಡ್ಡಮ್ಮ ಬಂದು ಕೂತಳು. ಆಮೇಲೆ ದೊಡ್ಡಮ್ಮ ತನ್ನ ಬಲಗೈಯನ್ನು ಮೇಜಿನ ಮೇಲೆ ಮೆಲ್ಲಗೆ ಮುಂದಕ್ಕೆ ಸರಿಸಿ, ಹೆಬ್ಬೆರಳು ಮೇಲಕ್ಕೆ ಮಾಡಿ ಇಟ್ಟಳು. ಅಮ್ಮ ಅದನ್ನು ಹಿಡಿದುಕೊಂಡಳು. ಹಿಡಿದುಕೊಂಡು, ಕಣ್ಣು ಮುಚ್ಚಿ, ಬೆರಳಿಂದ ಆ ಗಂಟನ್ನು ತಡವಿ ನೋಡಿದಳು.

ಸೂಜಿ ಕೈಸನ್ನೆ ಮಾಡಿ ಉದ್ದಣ್ಣ, ಸದ್ದಪ್ಪ ಇಬ್ಬರನ್ನೂ ಹೊರಡಿಸಿದಳು. ಒಳಗೇ ಬಿಟ್ಟುಬಂದ ಕ್ಯಾಮೆರಾ ನಿಂತಿದೆಯೋ ಓಡುತ್ತಿದೆಯೋ ಎಂದು ಉದ್ದಣ್ಣ ಬೀದಿಗೆ ಬಂದ ಮೇಲೆ ಕೇಳಿದ. ಗೊತ್ತಿಲ್ಲ ಎಂದಳು ಅವಳು.